ನಿಮಗಿದು ಗೊತ್ತೆ? ಸೆರೆಮನೆಯೇ ಇಲ್ಲಿ ಮ್ಯೂಸಿಯಂ

● ತೆಲಂಗಾಣದ ಸಂಗಾರೆಡ್ಡಿಯಲ್ಲಿರುವ ಹಳೆಯ ಜಿಲ್ಲಾ ಜೈಲು ಕಟ್ಟಿದ್ದು 1796ರಲ್ಲಿ, ನಿಜಾಮರ ಕಾಲದಲ್ಲಿ. ಎರಡು ಶತಮಾನ ಕೈದಿಗಳನ್ನು ಕಂಡ ಈ ಕಟ್ಟಡ 2016ರಲ್ಲಿ ಮ್ಯೂಸಿಯಂ ಆಯಿತು.

● ಜೈಲು ಹೇಗಿರುತ್ತದೆಂದು ತಿಳಿಯಬಯಸುವವರಿಗಾಗಿ ಇಲ್ಲಿ ‘ಫೀಲ್ ದ ಜೈಲ್’ ಯೋಜನೆ ಶುರುವಾಯಿತು. 500 ರೂಪಾಯಿ ಕಟ್ಟಿದರೆ 24 ಗಂಟೆ ಸೆರೆವಾಸ! ಒಳಹೋದವರಿಗೆ ಖಾದಿ ಉಡುಪು, ಸ್ಟೀಲ್ ತಟ್ಟೆ, ಲೋಟ, ಸೋಪು ಕೊಡುತ್ತಿದ್ದರು. ಊಟ ಕೈದಿಗಳ ಊಟವೇ. ಇದ್ದ ಕೋಣೆಯನ್ನು ತಾವೇ ಗುಡಿಸಿ ಸ್ವಚ್ಛ ಮಾಡಬೇಕಿತ್ತು.

● ಬೀದರ್‌ನಿಂದ ಜಹೀರಾಬಾದ್ ದಾರಿಯಾಗಿ ಹೈದರಾಬಾದಿಗೆ ಹೋಗುವವರಿಗೆ ಸಂಗಾರೆಡ್ಡಿ ದಾರಿಯಲ್ಲೇ ಸಿಗುವ ಊರು. ಬೀದರ್ ಕೂಡ ಒಂದು ಕಾಲಕ್ಕೆ ನಿಜಾಮರ ಸಂಸ್ಥಾನಕ್ಕೆ ಸೇರಿತ್ತು.

● ನಮ್ಮ ಬೆಂಗಳೂರಿನ ಫ್ರೀಡಂ ಪಾರ್ಕ್ ಕೂಡ ಹಿಂದೆ ಸೆಂಟ್ರಲ್ ಜೈಲು. ತುರ್ತುಪರಿಸ್ಥಿತಿಯಲ್ಲಿ ಅಟಲ್ ಬಿಹಾರಿ ವಾಜಪೇಯಿ, ಎಲ್.ಕೆ. ಅಡ್ವಾಣಿ, ಮಧು ದಂಡವತೆ ಇಲ್ಲಿ ಬಂದಿಗಳಾಗಿದ್ದರು. ಜೈಲು ಪರಪ್ಪನ ಅಗ್ರಹಾರಕ್ಕೆ ಹೋದ ಮೇಲೆ, 2008ರಲ್ಲಿ ಇದು ಉದ್ಯಾನವಾಯಿತು. ಹಳೆಯ ಬ್ಯಾರಕ್, ಕಾವಲು ಗೋಪುರಗಳನ್ನು ಈಗಲೂ ನೋಡಬಹುದು.

● ಇಂಥ ಜಾಗಕ್ಕೆ ಮಕ್ಕಳನ್ನು ಕರೆದೊಯ್ದಾಗ ಒಂದು ಕೋಣೆಯೊಳಗೆ ಎರಡು ನಿಮಿಷ ಸುಮ್ಮನೆ ನಿಲ್ಲಿಸಿ. ಎತ್ತರದ ಗೋಡೆ, ಕಬ್ಬಿಣದ ಸರಳು, ಅದರಾಚೆ ಒಂದಿಷ್ಟು ಆಕಾಶ. ಸ್ವಾತಂತ್ರ್ಯದ ಬೆಲೆ ಏನೆಂಬುದನ್ನು ಪಾಠದ ಪುಸ್ತಕಕ್ಕಿಂತ ಚೆನ್ನಾಗಿ ಆ ಗೋಡೆಗಳು ಹೇಳಿಕೊಡುತ್ತವೆ.