ಎಂಜಿನ್ ತಣ್ಣಗಿದ್ದರೂ ತ್ರಾಸೇ!

ಟ್ರ್ಯಾಕ್ಟರ್ ಬಿಸಿಯಾದರೆ ಎಲ್ಲರೂ ಗಾಬರಿ ಆಗ್ತೀವಿ. ಆದರೆ ಎಂಜಿನ್ ಸರಿಯಾಗಿ ಬಿಸಿಯೇ ಆಗದಿದ್ದರೆ? 'ಛಲೋ ಆತಲ್ಲ' ಅಂತ ಸುಮ್ಮನಾಗ್ತೀವಿ. ಎಂಜಿನ್‌ಗೆ ಅದೂ ಪೆಟ್ಟೇ.

ಹಳೇ ಕಾಲದ ಟ್ರ್ಯಾಕ್ಟರ್ ತಯಾರಕರಿಗೆ ಇದು ಚೆನ್ನಾಗಿ ಗೊತ್ತಿತ್ತು. 1930-40ರ ದಶಕದ ಅಮೆರಿಕದ ಜಾನ್ ಡೀರ್, ಫಾರ್ಮಾಲ್ ಟ್ರ್ಯಾಕ್ಟರ್‌ಗಳ ಫೋಟೊ ನೋಡಿ. ಕೆಲವುದರಲ್ಲಿ ರೇಡಿಯೇಟರ್ ಮುಂದೆ ಕಿಟಕಿಗೆ ಹಾಕುವಂಥ ತಗಡಿನ ಪಟ್ಟಿಗಳಿರುತ್ತವೆ. ಅದೇ ರೇಡಿಯೇಟರ್ ಶಟರ್. ಮುಚ್ಚಿದರೆ ಗಾಳಿ ಬಂದ್, ತೆರೆದರೆ ಗಾಳಿ ಚಾಲೂ.

ಯಾಕೆ ಬೇಕಿತ್ತು? ಅಂಥ ಎಷ್ಟೋ ಟ್ರ್ಯಾಕ್ಟರ್ ಪೆಟ್ರೋಲಿನಲ್ಲಿ ಸ್ಟಾರ್ಟ್ ಆಗಿ, ಬಿಸಿಯಾದ ಮೇಲೆ ಅಗ್ಗದ ಸೀಮೆಎಣ್ಣೆಯಂಥ ಇಂಧನಕ್ಕೆ ಹೊರಳುತ್ತಿದ್ದವು. ಸೀಮೆಎಣ್ಣೆ ಬೇಗ ಆವಿಯಾಗುವುದಿಲ್ಲ. ಎಂಜಿನ್ ತಣ್ಣಗಿದ್ದರೆ ಉರಿಯದೆ ಉಳಿದದ್ದು ಪಿಸ್ಟನ್ ರಿಂಗ್ ದಾಟಿ ಎಂಜಿನ್ ಆಯಿಲ್‌ಗೆ ಇಳಿಯುತ್ತಿತ್ತು. ಆಯಿಲ್ ತೆಳ್ಳಗಾಗಿ ಬೇರಿಂಗ್ ಸವೆಯುತ್ತಿತ್ತು. ಅದಕ್ಕೇ ಹಗುರ ಕೆಲಸಕ್ಕೆ ಶಟರ್ ಅರ್ಧ ಮುಚ್ಚಿ, ನೇಗಿಲ ಭಾರ ಬಿದ್ದಾಗ ತೆರೆಯುತ್ತಿದ್ದರು.

ಈಗ ಗೋಕಾಕ, ಮೂಡಲಗಿ, ಹುಕ್ಕೇರಿ ರಸ್ತೆಗಳಲ್ಲಿ ಕಬ್ಬಿನ ಟ್ರೇಲರ್ ಎಳೆಯೋವು ಡೀಸೆಲ್ ಟ್ರ್ಯಾಕ್ಟರ್. ನೀರು ತಂಪು ಮಾಡುವ ಎಂಜಿನ್‌ಗಳಲ್ಲಿ ಶಟರ್ ಮಾಡುತ್ತಿದ್ದ ಕೆಲಸವನ್ನು ಥರ್ಮೋಸ್ಟಾಟ್ ಎಂಬ ಪುಟ್ಟ ವಾಲ್ವ್ ಮಾಡುತ್ತದೆ. ಎಂಜಿನ್ ಬಿಸಿಯಾಗುವ ತನಕ ಅದು ರೇಡಿಯೇಟರ್ ಕಡೆಗೆ ನೀರು ಬಿಡುವುದಿಲ್ಲ. ಸಾಮಾನ್ಯವಾಗಿ ಸುಮಾರು 80 ಡಿಗ್ರಿ ಸೆಲ್ಸಿಯಸ್ ಸುತ್ತ ತೆರೆಯುತ್ತದೆ.

'ನಮ್ಮ ಬಿಸಿಲಿಗೆ ಇದು ಯಾಕ ಬೇಕ್ರಿ?' ಅಂತ ಅದನ್ನು ಕಿತ್ತು ಹಾಕುವವರೂ ಇದ್ದಾರೆ. ಆದರೆ ಡಿಸೆಂಬರಿನ ನಸುಕಿನಲ್ಲಿ ಹೊರಟು, ಕಾರ್ಖಾನೆ ಮುಂದಿನ ಸಾಲಿನಲ್ಲಿ ತಾಸುಗಟ್ಟಲೆ ಎಂಜಿನ್ ಚಾಲೂ ಇಟ್ಟರೆ ಅದು ಬಿಸಿಯಾಗುವುದೇ ಕಷ್ಟ. ಡೀಸೆಲ್ ಜಾಸ್ತಿ, ಹೊಗೆ ಜಾಸ್ತಿ, ಸವೆತವೂ ಜಾಸ್ತಿ. ಮೊದಲು ಅನಾವಶ್ಯಕ ಐಡ್ಲಿಂಗ್ ಬಿಡಿ.

ಥರ್ಮೋಸ್ಟಾಟ್ ಮೇಲೆ ಅನುಮಾನ ಇದ್ದರೆ ಎಂಜಿನ್ ಪೂರ್ತಿ ಆರಿದ ಮೇಲೆ ಮೆಕ್ಯಾನಿಕ್‌ಗೆ ಬಿಚ್ಚಿಸಿ. ದಾರ ಕಟ್ಟಿ ಪಾತ್ರೆಯ ನೀರಿನಲ್ಲಿ ತೂಗಿಬಿಟ್ಟು ನೀರು ಕಾಯಿಸಿ. ಅದರ ಮೇಲೆ ಅಚ್ಚಾದ ಡಿಗ್ರಿ ಬಂದಾಗ ಬಾಯಿ ಬಿಡಬೇಕು. ಬಿಡದಿದ್ದರೆ ಹೊಸದು ಹಾಕಿಸಿ. ಬರೀ ಕಿತ್ತು ಖಾಲಿ ಮಾತ್ರ ಬಿಡಬೇಡಿ.

ಈ ವಾರ ಊರಿಗೆ ಹೋದರೆ ಟ್ರ್ಯಾಕ್ಟರಿನ ಟೆಂಪರೇಚರ್ ಮುಳ್ಳು ನೋಡಿ. ಅರ್ಧ ತಾಸು ಓಡಿಸಿದರೂ ಅದು ಕೆಳಗೇ ಇದ್ದರೆ, ಅಪ್ಪನ ಹತ್ರ ಒಂದು ಮಾತು ಕೇಳಿ: 'ಥರ್ಮೋಸ್ಟಾಟ್ ಐತೇನ್ರಿ?'