ಅಲೆಗೆ ಮುಂಗಡ ಚೀಟಿ ಉಂಟೇ?

ಮದುವೆಯ ಮನೆಗೆ ಅಡುಗೆಯವರನ್ನು ಗೊತ್ತುಮಾಡಲು ಹೋದವರಿಗೆ ಅವರು ಕೇಳುವ ಮೊದಲ ಪ್ರಶ್ನೆ ಯಾವುದೆಂದು ಚೆನ್ನಾಗಿ ಗೊತ್ತು. "ಎಷ್ಟು ಎಲೆ?" ಎಂಬುದೇ ಆ ಪ್ರಶ್ನೆ. ಆಮೇಲೆ ಒಂದೊಂದಾಗಿ ಉಳಿದವು ಬರುತ್ತವೆ. ಹಿಂದಿನ ರಾತ್ರಿಯ ಊಟಕ್ಕೆ ಎಷ್ಟು ಮಂದಿ? ಮುಹೂರ್ತ ಎಷ್ಟು ಗಂಟೆಗೆ? ನೀರು ಬಾವಿಯದೋ ಟ್ಯಾಂಕಿನದೋ? ಒಲೆ ಸೌದೆಯದೋ ಗ್ಯಾಸಿನದೋ? ಬಡಿಸಲು ಜನ ಇದ್ದಾರೋ? ಇಷ್ಟನ್ನೂ ಕೇಳಿ ತಿಳಿದುಕೊಂಡ ಮೇಲೆಯೇ ಸಾಮಾನಿನ ಪಟ್ಟಿ ಬರೆಯುತ್ತಾರೆ. ಕೇಳದೆ ಒಲೆ ಹಚ್ಚಿದಲ್ಲಿ ಪಾಯಸ ಉಳಿಯುತ್ತದೆ, ಅನ್ನ ಮುಗಿಯುತ್ತದೆ.

ನಮ್ಮ ಮನೆಗಳಿಂದ ಬೆಂಗಳೂರಿಗೆ ಹೋಗಿ ಕಂಪ್ಯೂಟರ್ ಕಂಪೆನಿಗಳಲ್ಲಿ ದುಡಿಯುತ್ತಿರುವ ಮಕ್ಕಳಲ್ಲಿ ಕೆಲವರು ಮಾಡುವ ಕೆಲಸವೂ ಇದೇ. ಅದಕ್ಕೆ ಅವರಲ್ಲಿ 'ಅಗತ್ಯಗಳ ವಿಶ್ಲೇಷಣೆ' ಎಂಬ ದೊಡ್ಡ ಹೆಸರಿದೆ. ರಜೆಯಲ್ಲಿ ಊರಿಗೆ ಬಂದ ಮಗಳು, "ನಾನು ಪ್ರೋಗ್ರಾಮ್ ಬರೆಯುವುದಲ್ಲ ಅಪ್ಪಾ, ಏನನ್ನು ಬರೆಯಬೇಕೆಂದು ಜನರನ್ನು ಕೇಳಿ ಪಟ್ಟಿ ಮಾಡಿಕೊಡುವುದು" ಎಂದರೆ, "ಇದೂ ಒಂದು ಉದ್ಯೋಗವೇ?" ಎಂದು ಹಿರಿಯರಿಗೆ ಅನಿಸುವುದು ಸಹಜ. ಉದ್ಯೋಗ ಹೌದು, ಅದೂ ಬಲು ಜವಾಬ್ದಾರಿಯದು. ಏನನ್ನು ಕಟ್ಟಬೇಕೆಂದು ಖಚಿತವಾಗಿ ನಿರ್ಧರಿಸುವುದೇ ಈ ಕಸುಬಿನಲ್ಲಿ ಎಲ್ಲಕ್ಕಿಂತ ಕಷ್ಟದ ಭಾಗ ಎಂಬ ಅಭಿಪ್ರಾಯವನ್ನು ಅಮೆರಿಕದ ಗಣಕ ವಿಜ್ಞಾನಿ ಫ್ರೆಡ್ ಬ್ರೂಕ್ಸ್ 1986ರಷ್ಟು ಹಿಂದೆಯೇ ಮಂಡಿಸಿದ್ದರು.

ಈ ಕೆಲಸದ ಸ್ವರೂಪವನ್ನು ತಿಳಿಯಲು ನಮ್ಮ ಪಕ್ಕದ ಕಡಲತೀರದ್ದೇ ಒಂದು ಉದಾಹರಣೆ ತೆಗೆದುಕೊಳ್ಳೋಣ. ಸರ್ಫಿಂಗ್ ಆಡಬಯಸುವ ಪ್ರವಾಸಿಗಳು ಮನೆಯಲ್ಲೇ ಕುಳಿತು ಕೋಣೆ, ಕಲಿಸುವ ಗುರು, ಹಲಗೆ, ವಾಹನ ಎಲ್ಲವನ್ನೂ ಮುಂಗಡವಾಗಿ ಕಾದಿರಿಸುವ ಒಂದು ಜಾಲತಾಣವನ್ನು ಯಾರೋ ಕಟ್ಟಬೇಕೆಂದಿದ್ದಾರೆ ಎಂದು ಭಾವಿಸಿ. ಅದಕ್ಕೆ ಏನೇನು ಬೇಕು?

ತೆರೆಯ ಮೇಲಿನ ಸವಾರಿ

ಸರ್ಫಿಂಗ್ ಎಂದರೆ ಉದ್ದನೆಯ ಹಲಗೆಯ ಮೇಲೆ ನಿಂತು, ದಡದ ಕಡೆಗೆ ಮಗುಚುತ್ತಾ ಬರುವ ತೆರೆಯ ಮೇಲೆ ಜಾರಿಕೊಂಡು ಬರುವ ಆಟ. ಶಾಂತಸಾಗರದ ದ್ವೀಪವಾಸಿಗಳಿಗೆ, ಅದರಲ್ಲೂ ಹವಾಯಿಯವರಿಗೆ, ಇದು ಪುರಾತನ ವಿದ್ಯೆ. 1912 ಮತ್ತು 1920ರ ಒಲಿಂಪಿಕ್ಸ್‌ಗಳಲ್ಲಿ ಈಜಿನ ಚಿನ್ನ ಗೆದ್ದ ಹವಾಯಿಯ ಡ್ಯೂಕ್ ಕಹಾನಮೊಕು ಇದನ್ನು ಹೊರಜಗತ್ತಿಗೆ ಪರಿಚಯಿಸಿದವರಲ್ಲಿ ಪ್ರಮುಖರು. 2021ರಲ್ಲಿ ನಡೆದ ಟೋಕಿಯೋ ಕ್ರೀಡಾಕೂಟದಲ್ಲಿ ಸರ್ಫಿಂಗ್ ಮೊದಲ ಬಾರಿಗೆ ಒಲಿಂಪಿಕ್ಸ್‌ಗೆ ಸೇರಿತು.

ನಮ್ಮ ಕರಾವಳಿಗೂ ಇದು ಈಗ ಹೊಸತಲ್ಲ. ಮೂಲ್ಕಿಯಲ್ಲಿ ಸರ್ಫಿಂಗ್ ಕಲಿಸುವ ಕೇಂದ್ರ ಬಹಳ ವರ್ಷಗಳಿಂದ ಇದೆ. ಶಾಂಭವಿ, ನಂದಿನಿ ನದಿಗಳು ಕಡಲು ಸೇರುವ ಅಳಿವೆಯ ಬಳಿಯ ಸಸಿಹಿತ್ಲು ತೀರದಲ್ಲಿ ಅಖಿಲ ಭಾರತ ಮಟ್ಟದ ಸ್ಪರ್ಧೆಗಳು ನಡೆದಿವೆ. ದಕ್ಷಿಣಕ್ಕೆ ಹೋದರೆ ಕೋವಳಂ, ವರ್ಕಲಗಳಲ್ಲಿಯೂ ಹಲಗೆ ಹಿಡಿದ ತರುಣರು ಕಾಣಸಿಗುತ್ತಾರೆ. ಕೋವಳಂನ ಕಡಲಲ್ಲಿ ಪಳಗಿದ ರಮೇಶ್ ಬುದಿಹಾಳ್ 2025ರಲ್ಲಿ ಮಹಾಬಲಿಪುರದಲ್ಲಿ ನಡೆದ ಏಷ್ಯನ್ ಚಾಂಪಿಯನ್‌ಶಿಪ್‌ನಲ್ಲಿ ಕಂಚಿನ ಪದಕ ಗಳಿಸಿದರು. ಆಟ ಬೆಳೆದಂತೆ ಅದರ ಬೆನ್ನಿಗೆ ಪ್ರವಾಸಿಗಳು, ಪ್ರವಾಸಿಗಳ ಬೆನ್ನಿಗೆ ವ್ಯಾಪಾರ ಬರುವುದು ಲೋಕರೂಢಿ.

ಯಾರನ್ನು ಕೇಳಬೇಕು?

ಪಟ್ಟಿ ಬರೆಯಲು ಹೊರಟವರು ಸಾಮಾನ್ಯವಾಗಿ ಮಾಡುವ ಮೊದಲ ತಪ್ಪೆಂದರೆ, ಹಣ ಕೊಡುವವರನ್ನು ಮಾತ್ರ ಕೇಳುವುದು. ಪ್ರವಾಸಿಯನ್ನು ಕೇಳಬೇಕು, ನಿಜ. ಆದರೆ ಅವರಲ್ಲೂ ಒಂದೇ ಬಗೆಯವರಿಲ್ಲ. ಈಜೂ ಸರಿಯಾಗಿ ಬಾರದೆ ಮೊದಲ ಪಾಠಕ್ಕೆ ಬರುವವನಿಗೆ ಸೊಂಟದೆತ್ತರದ ಮೃದುವಾದ ತೆರೆ ಬೇಕು. ನುರಿತವನಿಗೆ ಅದು ಸಪ್ಪೆ. ಅವನಿಗೆ ಆಳೆತ್ತರದ ತೆರೆ ಬೇಕು. ಆದುದರಿಂದ ಜಾಲತಾಣವು "ಇಂದು ಒಳ್ಳೆಯ ಅಲೆ" ಎಂದು ಎಲ್ಲರಿಗೂ ಒಂದೇ ಮಾತು ಹೇಳುವಂತಿಲ್ಲ. ಒಬ್ಬನಿಗೆ ಒಳ್ಳೆಯದಾದದ್ದು ಇನ್ನೊಬ್ಬನ ಪ್ರಾಣಕ್ಕೇ ಎರವಾದೀತು. ಹಣ ಸ್ವೀಕರಿಸುವ ಮೊದಲು "ನಿಮಗೆ ಈಜು ಬರುತ್ತದೆಯೇ?" ಎಂದು ಕೇಳುವುದು ಇಲ್ಲಿ ಉಪಚಾರದ ಮಾತಲ್ಲ, ಅಗತ್ಯದ ಮಾತು.

ಇನ್ನು ಕಲಿಸುವ ಗುರು. ಬೆಳಗಿನ ಹೊತ್ತು ಗಾಳಿ ನೆಲದಿಂದ ಕಡಲಿಗೆ ಬೀಸುತ್ತದೆ. ಆಗ ತೆರೆಗಳು ನಯವಾಗಿ, ಸಾಲಾಗಿ ಬರುತ್ತವೆ. ಮಧ್ಯಾಹ್ನದ ಮೇಲೆ ಕಡಲಗಾಳಿ ಎದ್ದರೆ ನೀರು ಕದಡಿದಂತಾಗುತ್ತದೆ. ಇದು ಶಾಲೆಯ ಪಾಠಪುಸ್ತಕದಲ್ಲಿ ನಾವೆಲ್ಲ ಓದಿದ ಸಂಗತಿಯೇ. ಆದರೆ ಇದರ ಅರ್ಥ, ಸರ್ಫಿಂಗ್ ಪಾಠ ನಸುಕಿನಲ್ಲೇ ಆಗಬೇಕು ಎಂದು. ಹಾಗಾದರೆ ಅತಿಥಿ ಉಳಿದುಕೊಂಡ ಮನೆಯಲ್ಲಿ ಐದೂವರೆಗೆ ಚಹಾ ಆಗಬೇಕು, ಒಂಬತ್ತು ಗಂಟೆಗೆ ಹೊಟ್ಟೆ ತುಂಬ ತಿಂಡಿ ಬೇಕು. ಬೆಂಗಳೂರಿನ ಎಂಟನೇ ಮಾಳಿಗೆಯಲ್ಲಿ ಕುಳಿತವರಿಗೆ ಇದು ಹೊಳೆಯುವುದುಂಟೇ? ಕೋಣೆ ಬಾಡಿಗೆಗೆ ಕೊಡುವ ಮನೆಯ ಗೃಹಿಣಿಯನ್ನು ಕೇಳಿದರೆ ಒಂದೇ ನಿಮಿಷದಲ್ಲಿ ಹೇಳಿಯಾಳು.

ಮೂರನೆಯವನು ವಾಹನದ ಚಾಲಕ. ಕಲಿಯುವವರ ಹಲಗೆ ಎಂಟು ಅಡಿ, ಕೆಲವು ಹಲಗೆಗಳು ಒಂಬತ್ತು ಅಡಿ ಉದ್ದ. ಕೊಂಕಣ ರೈಲಿನಲ್ಲಿ ಮೂಲ್ಕಿ ನಿಲ್ದಾಣದಲ್ಲಿ ಇಳಿದವನಿಗೆ ಆಟೋರಿಕ್ಷಾ ಸಾಲದು; ಮೇಲೆ ಕ್ಯಾರಿಯರ್ ಇರುವ ಕಾರೇ ಬೇಕು. "ಹಲಗೆ ತರುತ್ತೀರಾ, ಎಷ್ಟು ಉದ್ದ?" ಎಂಬ ಒಂದು ಸಾಲು ನಮೂನೆಯಲ್ಲಿ ಇಲ್ಲದಿದ್ದರೆ ರೈಲು ನಿಲ್ದಾಣದ ಎದುರು ಜಗಳ ಖಂಡಿತ.

ಎಲ್ಲರೂ ಮರೆಯುವವರು ಮೀನುಗಾರರು. ಪ್ರವಾಸಿಗಳಿಗಿಂತ ಎಷ್ಟೋ ತಲೆಮಾರು ಮೊದಲಿನಿಂದ ಆ ದಡ ಅವರ ಅಂಗಳ. ಕೈರಂಪಣಿ ಬಲೆ ಬೀಸಿ ಎಳೆಯುವ ಜಾಗದಲ್ಲಿ ಹಲಗೆಗಳು ಬಂದರೆ ಬಲೆಗೂ ಹಾನಿ, ಆಡುವವನಿಗೂ ಅಪಾಯ. ಯಾವ ಹೊತ್ತಿಗೆ ಯಾವ ಜಾಗದಲ್ಲಿ ಬಲೆ ಎಳೆಯುತ್ತಾರೆ, ದೋಣಿಗಳು ಎಲ್ಲಿಂದ ಇಳಿಯುತ್ತವೆ ಎಂಬುದನ್ನು ಅವರನ್ನೇ ಕೇಳಿ ನಕ್ಷೆಯಲ್ಲಿ ಗುರುತಿಸಬೇಕು. ಜಾಲತಾಣದಲ್ಲಿ ಅವರು ಒಂದು ಪೈಸೆಯನ್ನೂ ಕೊಡುವವರಲ್ಲ. ಆದರೂ ಅವರನ್ನು ಕೇಳದ ಪಟ್ಟಿ ಅಪೂರ್ಣ.

ಕಡಲು ಯಾರ ಮಾತನ್ನೂ ಕೇಳದು

ಈಗ ಮುಖ್ಯವಾದ ತೊಡಕಿಗೆ ಬರೋಣ. ಬಸ್ಸಿನ ಸೀಟನ್ನು ಕಾದಿರಿಸಿದರೆ ಬಸ್ಸು ಬರುತ್ತದೆ. ಅಲೆಯನ್ನು ಕಾದಿರಿಸುವುದು ಹೇಗೆ?

ನಮ್ಮ ದಡಕ್ಕೆ ಬರುವ ದೊಡ್ಡ, ನೀಳವಾದ ತೆರೆಗಳು ಅನೇಕ ವೇಳೆ ಇಲ್ಲಿ ಹುಟ್ಟಿದವಲ್ಲ. ಹಿಂದೂ ಮಹಾಸಾಗರದ ದಕ್ಷಿಣದ ತುದಿಯಲ್ಲಿ, ಹಿಮಖಂಡದ ದಿಕ್ಕಿನಲ್ಲಿ, ಬಿರುಗಾಳಿ ಎದ್ದಾಗ ಹುಟ್ಟಿದ ಅಲೆಗಳು ಸಾವಿರಾರು ಕಿಲೋಮೀಟರು ದಾಟಿ ಬರುತ್ತವೆ. ಒಂದು ತೆರೆಗೂ ಮುಂದಿನದಕ್ಕೂ 16 ಸೆಕೆಂಡುಗಳ ಅಂತರವಿರುವ ಇಂಥ ಅಲೆಗಳ ಗುಂಪು ಆಳಸಮುದ್ರದಲ್ಲಿ ಗಂಟೆಗೆ ಸುಮಾರು 45 ಕಿಲೋಮೀಟರು, ಅಂದರೆ ದಿನಕ್ಕೆ ಸುಮಾರು ಸಾವಿರ ಕಿಲೋಮೀಟರು ಸಾಗುತ್ತದೆ. ಆರು ಸಾವಿರ ಕಿಲೋಮೀಟರು ದೂರದ ಬಿರುಗಾಳಿಯ ಅಲೆ ನಮ್ಮಲ್ಲಿಗೆ ತಲಪಲು ಆರು ದಿನ ಬೇಕು. ಹೀಗಾಗಿ ಕೆಲವು ದಿನಗಳ ಮುನ್ಸೂಚನೆ ಸಾಧ್ಯ. ಆದರೆ ಪ್ರವಾಸಿ ರೈಲಿನ ಟಿಕೇಟು ತೆಗೆಯುವುದು ತಿಂಗಳುಗಳ ಮೊದಲು! ಆ ಹೊತ್ತಿಗೆ ಆ ಬಿರುಗಾಳಿಯೇ ಹುಟ್ಟಿರುವುದಿಲ್ಲ.

ಇಂಥ ಇಕ್ಕಟ್ಟು ಒಲಿಂಪಿಕ್ಸ್ ನಡೆಸುವವರಿಗೂ ತಪ್ಪಿದ್ದಲ್ಲ. 2024ರ ಪ್ಯಾರಿಸ್ ಕ್ರೀಡಾಕೂಟದ ಸರ್ಫಿಂಗ್ ನಡೆದದ್ದು ಪ್ಯಾರಿಸ್‌ನಿಂದ 15 ಸಾವಿರ ಕಿಲೋಮೀಟರಿಗೂ ಹೆಚ್ಚು ದೂರದ ತಹಿತಿ ದ್ವೀಪದಲ್ಲಿ. ಸ್ಪರ್ಧೆಗೆ ಬೇಕಾದದ್ದು ಕೆಲವೇ ದಿನ; ಆದರೆ ಜುಲೈ 27ರಿಂದ ಆಗಸ್ಟ್ 5ರ ವರೆಗೆ ಹತ್ತು ದಿನಗಳನ್ನು ಅದಕ್ಕೆಂದು ತೆಗೆದಿರಿಸಿದ್ದರು. ಕಡಲು ಸರಿಯಿಲ್ಲದ ದಿನಗಳಲ್ಲಿ ಕಾದು, ಕೊನೆಯ ದಿನವಾದ ಆಗಸ್ಟ್ 5ರಂದು ಪದಕ ನಿರ್ಧಾರವಾಯಿತು.

ನಮ್ಮ ಪಟ್ಟಿಯಲ್ಲಿ ಬರೆಯಬೇಕಾದ ಅತಿ ಮುಖ್ಯ ಸಾಲು ಇದರಿಂದ ಸಿಗುತ್ತದೆ. ಕೋಣೆಯನ್ನು ದಿನಾಂಕಕ್ಕೆ ಮಾರಬಹುದು. ಪಾಠವನ್ನು ಒಂದು ಅವಧಿಗೆ ಮಾತ್ರ ಮಾರಬೇಕು. "ಈ ಐದು ದಿನಗಳಲ್ಲಿ ಮೂರು ಪಾಠ, ಯಾವ ದಿನ ಎಂಬುದನ್ನು ಹಿಂದಿನ ಸಂಜೆ ತಿಳಿಸಲಾಗುವುದು" ಎಂದು ಸ್ಪಷ್ಟವಾಗಿ ಹೇಳಬೇಕು. ಐದು ದಿನವೂ ತೆರೆ ಬಾರದಿದ್ದರೆ ನಷ್ಟ ಯಾರದು? ಪಾಠದ ಹಣ ಮರಳಿಸುವುದು ನ್ಯಾಯ. ಕೋಣೆಯ ಹಣವನ್ನೂ ಮರಳಿಸಬೇಕೆಂದರೆ, ಅಕ್ಕಿ ಮೀನು ತಂದು ಕಾದು ಕುಳಿತ ಮನೆಯವರು ಕಡಲಿನ ತಪ್ಪಿಗೆ ದಂಡ ತೆತ್ತಂತಾಗುತ್ತದೆ. ಈ ಲೆಕ್ಕವನ್ನು ಹಣ ಕೈ ಬದಲಾಗುವ ಮೊದಲೇ, ಮೂವರಿಗೂ ತಿಳಿಯುವಂತೆ ಬರೆದಿಡುವುದು ವಿಶ್ಲೇಷಣೆಯ ತಿರುಳು.

ಕಳ್ಳನಂತೆ ಬರುವ ಕಡಲು

ದೂರದ ಅಲೆಗಳು ಕೆಲವೊಮ್ಮೆ ಗಾಳಿಮಳೆಯ ಸುಳಿವೇ ಇಲ್ಲದ ಬಿಸಿಲಿನ ದಿನ ದಿಢೀರನೆ ದಡಕ್ಕೆ ನುಗ್ಗುತ್ತವೆ. ಮಲೆಯಾಳದಲ್ಲಿ ಇದಕ್ಕೆ 'ಕಳ್ಳಕ್ಕಡಲ್' ಎನ್ನುತ್ತಾರೆ. ನಮಗೆ ಇದರ ಅನುವಾದವೇ ಬೇಡ. ಕಳ್ಳನೂ ಕಡಲೂ ಎರಡೂ ಭಾಷೆಗಳಲ್ಲಿ ಒಂದೇ. ಮೀನುಗಾರರ ಬಾಯಲ್ಲಿದ್ದ ಈ ಪದವನ್ನು 2012ರಲ್ಲಿ ಯುನೆಸ್ಕೋ ವೈಜ್ಞಾನಿಕ ಬಳಕೆಗೆ ಅಂಗೀಕರಿಸಿತು. ಹೈದರಾಬಾದಿನ ರಾಷ್ಟ್ರೀಯ ಸಾಗರ ಮಾಹಿತಿ ಕೇಂದ್ರವು ಇದರ ಬಗ್ಗೆ ಮುನ್ನೆಚ್ಚರಿಕೆ ನೀಡುತ್ತದೆ. ಆದರೂ 2024ರ ಮೇ ತಿಂಗಳಲ್ಲಿ, ಎಚ್ಚರಿಕೆ ಜಾರಿಯಲ್ಲಿದ್ದಾಗಲೇ, ಕನ್ಯಾಕುಮಾರಿ ಜಿಲ್ಲೆಯ ಕಡಲತೀರದಲ್ಲಿ ಐವರು ವೈದ್ಯಕೀಯ ವಿದ್ಯಾರ್ಥಿಗಳು ಅಲೆಗಳ ಪಾಲಾದರು.

ಎಚ್ಚರಿಕೆ ಇರುವುದು ಬೇರೆ, ಅದು ತಲಪಬೇಕಾದವರಿಗೆ ತಲಪುವುದು ಬೇರೆ. ಆದುದರಿಂದ ಪಟ್ಟಿಯಲ್ಲಿ ಇನ್ನೊಂದು ಸಾಲು ಸೇರಬೇಕು: ಎಚ್ಚರಿಕೆ ಬಂದೊಡನೆ ಆ ತೀರದ ಪಾಠಗಳ ಮಾರಾಟ ತಾನಾಗಿ ನಿಲ್ಲಬೇಕು, ಅಲ್ಲಿರುವ ಅತಿಥಿಗೂ ಗುರುವಿಗೂ ಮನೆಯವರಿಗೂ ಸುದ್ದಿ ಹೋಗಬೇಕು, ಓದಿದ್ದೇವೆ ಎಂದು ಅವರಿಂದ ಉತ್ತರ ಬಾರದಿದ್ದರೆ ಫೋನ್ ಕರೆ ಹೋಗಬೇಕು.

ಆ ಸುದ್ದಿ ಯಾವ ಭಾಷೆಯಲ್ಲಿ? ಅತಿಥಿಗೆ ಇಂಗ್ಲಿಷ್ ಆದೀತು. ಸಸಿಹಿತ್ಲಿನ ಮನೆಯವರು ಮಾತನಾಡುವುದು ತುಳು, ಓದುವುದು ಕನ್ನಡ. ಕೋವಳಂನಲ್ಲಿ ಮಲೆಯಾಳ. ಇಂಗ್ಲಿಷ್ ನಮೂನೆಯೊಂದನ್ನೇ ಇಟ್ಟರೆ ಮನೆಯೊಡತಿ ಪಟ್ಟಣದಲ್ಲಿರುವ ಮಗನನ್ನು ಕೇಳಬೇಕು. ಮಗ ಕೆಲಸದಲ್ಲಿದ್ದರೆ ಕಾಯಬೇಕು. ಅಷ್ಟರಲ್ಲಿ ಅಲೆ ಕಾಯುವುದಿಲ್ಲ. ಕಚೇರಿಯ ಕಾಗದ ಕೈಗೆ ಬಂದಾಗ ಓದಲಾಗದೆ ಪಕ್ಕದವರ ಮುಖ ನೋಡಿದ ಅನುಭವ ಗಡಿನಾಡಿನ ನಮಗೆ ಹೊಸತೇನಲ್ಲ. ಬರೆದವರಿಗೆ ನಮ್ಮ ಮೇಲೆ ದ್ವೇಷವಿರಬೇಕೆಂದಿಲ್ಲ. ಪಟ್ಟಿ ಮಾಡುವ ದಿನ ಯಾರೂ ನಮ್ಮನ್ನು ಕೇಳಲಿಲ್ಲ, ಅಷ್ಟೆ.

ಅಳೆಯಲು ಬರುವ ಮಾತು

ಉಳಿದ ಅಗತ್ಯಗಳು ಲೆಕ್ಕಪತ್ರದವು. ಇರುವ ಒಂದೇ ಕೋಣೆಗೆ ಇಬ್ಬರು ಒಂದೇ ಕ್ಷಣದಲ್ಲಿ ಹಣ ಕಟ್ಟಿದರೆ ಒಬ್ಬರಿಗೆ ಮಾತ್ರ ಸಿಗಬೇಕು, ಇನ್ನೊಬ್ಬರ ಹಣ ಕೇಳದೆಯೇ ಮರಳಬೇಕು. ಮಳೆಗೆ ಕರೆಂಟೂ ನೆಟ್‌ವರ್ಕೂ ಹೋದಾಗ ಮನೆಯವರ ಬಳಿ ನಾಳೆ ಬರುವವರ ಹೆಸರು ಕಾಗದದಲ್ಲೋ ಫೋನಿನಲ್ಲೋ ಉಳಿದಿರಬೇಕು. ವಿದೇಶೀಯರು ಬಂದರೆ 24 ಗಂಟೆಗಳೊಳಗೆ ಸರಕಾರಕ್ಕೆ ತಿಳಿಸಬೇಕೆಂಬ ನಿಯಮವನ್ನು ಮನೆಯವರಿಗೆ ನೆನಪಿಸಬೇಕು.

ಇವನ್ನೆಲ್ಲ ಬರೆಯುವುದರಲ್ಲೂ ಒಂದು ಶಿಸ್ತಿದೆ. "ಬೇಗ ತಿಳಿಸಬೇಕು" ಎಂದು ಬರೆದರೆ ಯಾರಿಗೂ ಪ್ರಯೋಜನವಿಲ್ಲ. "ಎಚ್ಚರಿಕೆ ಬಂದ ಹತ್ತು ನಿಮಿಷಗಳೊಳಗೆ, ಕನ್ನಡದಲ್ಲಿ" ಎಂದು ಬರೆದರೆ ಆಯಿತೋ ಇಲ್ಲವೋ ಎಂದು ಪರೀಕ್ಷಿಸಬಹುದು. ತಪ್ಪನ್ನು ಪಟ್ಟಿಯ ಹಂತದಲ್ಲೇ ತಿದ್ದಿದರೆ ಅಗ್ಗ, ಎಲ್ಲ ಕಟ್ಟಿದ ಮೇಲೆ ತಿದ್ದಲು ಹೊರಟರೆ ಖರ್ಚು ಹಲವು ಪಟ್ಟು ಎಂಬುದನ್ನು ಬ್ಯಾರಿ ಬೋಮ್ ಎಂಬ ತಜ್ಞರು 1981ರ ತಮ್ಮ ಗ್ರಂಥದಲ್ಲಿ ವಿವರಿಸಿದ್ದಾರೆ. ಗೋಡೆ ಎದ್ದ ಮೇಲೆ ಬಾಗಿಲಿಡಲು ಹೊರಟವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಂಪ್ಯೂಟರ್ ಎಂದಾಕ್ಷಣ ಅದು ನಮಗೆ ನಿಲುಕದ ವಿದ್ಯೆ ಎಂದು ಹಿರಿಯರು ದೂರ ಸರಿಯಬೇಕಾಗಿಲ್ಲ. ಮುಂದಿನ ರಜೆಯಲ್ಲಿ ಮಗಳು ಮನೆಗೆ ಬಂದಾಗ, "ಈ ಸಲ ಯಾರನ್ನೆಲ್ಲ ಕೇಳಿದೆ? ಯಾರನ್ನು ಬಿಟ್ಟೆ?" ಎಂದು ವಿಚಾರಿಸಿದರೆ ಸಾಕು. ಕೆಲಸದ ಅರ್ಧ ಮರ್ಮ ಆ ಪ್ರಶ್ನೆಯಲ್ಲಿದೆ. ನಮ್ಮ ಅಡುಗೆಯವರಂತೂ ಎಲೆಯ ಲೆಕ್ಕ ಕೇಳಿದ ಮೇಲೆ ಇನ್ನೊಂದು ಮಾತನ್ನೂ ತಪ್ಪದೆ ಕೇಳುತ್ತಾರೆ: "ಕೆಲಸದ ಆಳುಗಳನ್ನೂ ಸೇರಿಸಿ ಹೇಳಿದ್ದಲ್ಲವೇ?"