ಸೂಕ್ಷ್ಮಜೀವಿಗಳ ಮುಂದಿನ ಹೆಜ್ಜೆ

ಲಿಂಗಸುಗೂರಿನಿಂದ ಸಿಂಧನೂರಿಗೆ ಹೋಗುವ ದಾರಿಯಲ್ಲಿ ಮಸ್ಕಿ ಸಿಕ್ಕುವುದು. ಅಲ್ಲಿಯ ಬಂಡೆಯ ಮೇಲೆ ಅಶೋಕ ಚಕ್ರವರ್ತಿಯು ಕೊರೆಯಿಸಿದ ಶಾಸನವು ೧೯೧೫ರಲ್ಲಿ ಬೆಳಕಿಗೆ ಬಂದಿತು. ಎರಡು ಸಾವಿರ ವರ್ಷಗಳಿಗೂ ಮಿಕ್ಕಿದ ಮಳೆಬಿಸಿಲಿಗೆ ಕೆಲವು ಅಕ್ಷರಗಳು ಸವೆದಿದ್ದರೂ ಬರೆದ ಮಾತು ಬೇರೆಯ ಮಾತಾಗಲಿಲ್ಲ. ತಾಳೆಗರಿಯ ಗ್ರಂಥಗಳ ಕಥೆ ಹಾಗಲ್ಲ. ಒಂದು ಪ್ರತಿಯನ್ನು ನೋಡಿ ಮತ್ತೊಂದನ್ನು, ಅದನ್ನು ನೋಡಿ ಮಗುದೊಂದನ್ನು ಬರೆಯುತ್ತ ಹೋದಂತೆ ಲಿಪಿಕಾರನ ಕೈತಪ್ಪಿನಿಂದ ಪಾಠಾಂತರಗಳು ಹುಟ್ಟುವುವು. ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳ ವಂಶವೃತ್ತಾಂತವು ಈ ಎರಡನೆಯ ಬಗೆಯದು. ಒಂದು ಜೀವಿಯು ಎರಡಾಗುವಾಗಲೆಲ್ಲ ತನ್ನೊಳಗಿನ ವಂಶಲಿಪಿಯನ್ನು ಪ್ರತಿಮಾಡುವುದು; ಎಲ್ಲಿಯೋ ಒಂದು ಕಡೆ ಅಕ್ಷರವೊಂದು ತಪ್ಪುವುದು. ಬಹುಪಾಲು ತಪ್ಪುಗಳಿಂದ ಅದಕ್ಕೆ ಲಾಭವಿಲ್ಲ. ಆದರೆ ಕೋಟಿಯಲ್ಲೊಂದು ತಪ್ಪು ಅದಕ್ಕೆ ಕವಚವಾಗಿ ಪರಿಣಮಿಸುವುದುಂಟು.

ಈ ವಿಷಯವನ್ನು ಬರೆಯಲು ನಮಗೆ ಕಾರಣವಾದವನು ನಮ್ಮ ಹಳೆಯ ಶಿಷ್ಯನೊಬ್ಬನು. ಸಿಂಧನೂರಿನ ಬಳಿ ತುಂಗಭದ್ರಾ ಎಡದಂಡೆಯ ಕಾಲುವೆಯ ನೀರಿನಲ್ಲಿ ಭತ್ತ ಬೆಳೆಯುವ ರೈತನೀತ. ಒಂದು ದಿನ ಬೆಳಗ್ಗೆ ಕೈಯಲ್ಲಿ ನಾಲ್ಕು ಭತ್ತದ ಎಲೆಗಳನ್ನು ಹಿಡಿದು ನಮ್ಮ ಮನೆಗೆ ಬಂದನು. ಎಲೆಗಳ ತುದಿಯೂ ಅಂಚುಗಳೂ ಹುಲ್ಲಿನ ಬಣ್ಣಕ್ಕೆ ತಿರುಗಿ ಒಣಗಿದ್ದುವು. ರೈತರು ದುಂಡಾಣು ಅಂಗಮಾರಿ ಎಂದು ಕರೆಯುವ ರೋಗವಿದು. ಗಾಳಿಮಳೆಯಲ್ಲಿ ಹರಡುವುದು, ಯೂರಿಯಾ ಅತಿಯಾದ ಗದ್ದೆಯಲ್ಲಿ ಹೆಚ್ಚುವುದು. ಅದನ್ನು ಕುರಿತು ಮಾತನಾಡುತ್ತಿರುವಾಗಲೇ ಅವನು ಮತ್ತೊಂದು ಸಂಗತಿಯನ್ನೂ ಹೇಳಿದನು:

"ಮಾಸ್ತರರ, ಅವ್ವಗ ಟೀಬಿ ಆಗಿತ್ರಿ. ಮೂರು ತಿಂಗಳು ಗುಳಿಗಿ ನುಂಗಿದ್ಲು. ಈಗ ಕೆಮ್ಮು ನಿಂತೈತಿ, ಊಟ ಸೇರತೈತಿ. ಆರಾಮ ಆದ ಮ್ಯಾಲೆ ಇನ್ನ ಯಾಕ ಅಂತ ಬಿಟ್ಟಾಳ್ರಿ."

ಎಲೆಯ ರೋಗಕ್ಕೂ ತಾಯಿಯ ರೋಗಕ್ಕೂ ಸಂಬಂಧವೇನೆಂದು ಅವನಿಗೆ ತೋರಿರಲಿಲ್ಲ. ಎರಡು ಕ್ರಿಮಿಗಳೂ ಬೇರೆಬೇರೆಯೆಂಬುದು ನಿಜವೇ. ಆದರೆ ಅವು ನಡೆಯುವ ದಾರಿ ಒಂದೇ ಆಗಿರುವುದು.

ಮದ್ದನ್ನು ಕಂಡ ಮೇಲೆ ಕ್ರಿಮಿಗಳು ಅದನ್ನು ಎದುರಿಸಲು ಕಲಿಯುವುವೆಂದು ಜನರು ಭಾವಿಸುವುದುಂಟು. ಹಾಗಲ್ಲವೆಂಬುದನ್ನು ಅಮೆರಿಕೆಯಲ್ಲಿ ಲೂರಿಯಾ ಮತ್ತು ಡೆಲ್ಬ್ರುಕ್ ಎಂಬಿಬ್ಬರು ವಿಜ್ಞಾನಿಗಳು ೧೯೪೩ರಲ್ಲಿ ತೋರಿಸಿದರು. ಶತ್ರುವಿನ ಮುಖವನ್ನು ನೋಡುವ ಮೊದಲೇ ಕವಚಧಾರಿಯಾದ ಒಂದೆರಡು ಜೀವಿಗಳು ಗುಂಪಿನಲ್ಲಿ ಹುಟ್ಟಿರುವುವು. ಶತ್ರುವು ಬಂದು ಉಳಿದವುಗಳನ್ನು ಕೊಂದಾಗ ಅವುಗಳ ಸಂತತಿಗೆ ಇಡಿಯ ನೆಲವೂ ಸಿಕ್ಕಿದಂತಾಗುವುದು.

ಹೀಗಿರಲು, ಇವುಗಳ ಮುಂದಿನ ನಡೆಯನ್ನು ಮೊದಲೇ ತಿಳಿಯುವುದು ಸಾಧ್ಯವೇ? ನಮ್ಮ ನೈಯಾಯಿಕರು ಅನುಮಾನವನ್ನು ವಿಂಗಡಿಸುವಾಗ, ಹೊಳೆಯು ಉಕ್ಕಿದುದನ್ನು ಕಂಡು ಮೇಲಿನ ಸೀಮೆಯಲ್ಲಿ ಮಳೆಯಾಗಿರುವುದೆಂದು ತಿಳಿಯುವುದನ್ನು ಶೇಷವತ್ ಎಂದೂ, ಕಾರ್ಮೋಡವನ್ನು ಕಂಡು ಮಳೆ ಬರುವುದೆಂದು ಊಹಿಸುವುದನ್ನು ಪೂರ್ವವತ್ ಎಂದೂ ಕರೆದರು. ತುಂಗಭದ್ರೆಯು ತುಂಬಿದರೆ ಮಲೆನಾಡಿನಲ್ಲಿ ಮಳೆಯಾಯಿತೆಂದು ನಮ್ಮ ರೈತನು ತಪ್ಪದೆ ಹೇಳುವನು. ಮೋಡವನ್ನು ಕಂಡು ತನ್ನ ಹೊಲದ ಮೇಲೆ ಹನಿ ಬೀಳುವುದೆಂದು ಹೇಳಲು ಮಾತ್ರ ಅಳುಕುವನು. ಸೂಕ್ಷ್ಮಜೀವಿಗಳ ವಿಷಯದಲ್ಲಿಯೂ ಹೀಗೆಯೇ. ರಿಚರ್ಡ್ ಲೆನ್ಸ್ಕಿ ಎಂಬ ವಿಜ್ಞಾನಿಯು ೧೯೮೮ರಲ್ಲಿ ಒಂದೇ ದುಂಡಾಣುವಿನ ಸಂತಾನವನ್ನು ೧೨ ಸೀಸೆಗಳಲ್ಲಿ ಬೆಳೆಸತೊಡಗಿದನು. ಹನ್ನೆರಡೂ ಗುಂಪುಗಳು ಆ ಸೀಸೆಯ ಬಾಳಿಗೆ ಒಗ್ಗಿ ಮೊದಲಿಗಿಂತ ಬೇಗ ಬೆಳೆಯುವಂತಾದುವು, ಇದು ಊಹಿಸಬಹುದಾದುದು. ಆದರೆ ಸುಮಾರು ೩೧,೫೦೦ ತಲೆಮಾರುಗಳಾದ ಮೇಲೆ ಒಂದೇ ಒಂದು ಸೀಸೆಯಲ್ಲಿ, ಮೊದಲಿನಿಂದಲೂ ಆ ದ್ರವದಲ್ಲಿದ್ದು ಯಾವುದಕ್ಕೂ ಆಹಾರವಾಗದಿದ್ದ ಸಿಟ್ರೇಟನ್ನು ಉಣ್ಣಬಲ್ಲ ಸಂತತಿಯು ಕಾಣಿಸಿಕೊಂಡಿತು. ಅದು ಯಾವ ಸೀಸೆಯಲ್ಲಿ, ಯಾವ ದಿನ ಹುಟ್ಟುವುದೆಂದು ಮೊದಲೇ ಹೇಳಬಲ್ಲವರು ಯಾರೂ ಇರಲಿಲ್ಲ. ದಿಕ್ಕನ್ನು ಹೇಳಬಹುದು; ಮುಹೂರ್ತವನ್ನು ಹೇಳಲಾಗದು.

ದಿಕ್ಕು ತಿಳಿದರೂ ಮನುಷ್ಯನಿಗೆ ಬೇಕಾದಷ್ಟು ಪ್ರಯೋಜನವುಂಟು. ಕ್ಷಯಕ್ಕೆ ಸ್ಟ್ರೆಪ್ಟೊಮೈಸಿನ್ ಎಂಬ ಮದ್ದು ಸಿಕ್ಕಿದಾಗ ಲೋಕವೆಲ್ಲ ಹಿಗ್ಗಿತು. ೧೯೪೮ರಲ್ಲಿ ಪ್ರಕಟವಾದ ಇಂಗ್ಲೆಂಡಿನ ಪರೀಕ್ಷೆಯಲ್ಲಿ ಅದನ್ನೊಂದನ್ನೇ ಪಡೆದ ರೋಗಿಗಳಲ್ಲಿ ಹಲವರು ಮೊದಲು ಚೇತರಿಸಿಕೊಂಡು, ಬಳಿಕ ಮತ್ತೆ ಕುಗ್ಗಿದರು; ಅವರ ಕಫದಲ್ಲಿ ಆ ಮದ್ದಿಗೆ ಬಗ್ಗದ ಕ್ರಿಮಿಗಳು ಕಂಡುವು. ಅದರ ಜೊತೆಗೆ ಇನ್ನೊಂದು ಮದ್ದನ್ನು ಸೇರಿಸಿ ಕೊಟ್ಟಾಗ ಈ ಕೇಡು ಬಹುಮಟ್ಟಿಗೆ ತಪ್ಪಿತು. ಇದರ ಮರ್ಮವು ಬರಿಯ ಗಣಿತ. ರೋಗಿಯ ಎದೆಯಲ್ಲಿ ಹತ್ತು ಕೋಟಿ ಕ್ರಿಮಿಗಳಿವೆಯೆಂದೂ, ಒಂದು ಮದ್ದನ್ನು ಗೆಲ್ಲುವಂಥದು ಕೋಟಿಗೊಂದೆಂದೂ ಲೆಕ್ಕಕ್ಕಾಗಿ ಇಟ್ಟುಕೊಳ್ಳೋಣ. ಆಗ ಹತ್ತು ಉಳಿದು ಬೆಳೆಯುವುವು. ಎರಡು ಮದ್ದುಗಳನ್ನೂ ಏಕಕಾಲಕ್ಕೆ ಗೆಲ್ಲುವಂಥದು ಕೋಟಿಯ ಕೋಟಿಗೊಂದು. ಅಂಥದು ಆ ಎದೆಯಲ್ಲಿ ಇರುವ ಸಂಭವವೇ ತೀರ ಕಡಿಮೆ. ಆದುದರಿಂದಲೇ ಇಂದು ಸಾಮಾನ್ಯವಾದ ಕ್ಷಯಕ್ಕೆ ಮೊದಲ ಎರಡು ತಿಂಗಳು ನಾಲ್ಕು ಮದ್ದುಗಳನ್ನೂ ಮುಂದಿನ ನಾಲ್ಕು ತಿಂಗಳು ಮೂರು ಮದ್ದುಗಳನ್ನೂ ಕೊಡುವರು.

ಭತ್ತದಲ್ಲಿ ಆದುದೂ ಇದೇ. ಫಿಲಿಪೈನ್ಸ್ ದೇಶದಲ್ಲಿ ಅಂಗಮಾರಿಯನ್ನು ತಡೆಯುವ ಒಂದೇ ವಂಶಗುಣವುಳ್ಳ ತಳಿಗಳನ್ನು ಎಲ್ಲೆಡೆಯೂ ಬಿತ್ತಿದಾಗ, ಕೆಲವು ವರ್ಷಗಳಲ್ಲಿ ಅದನ್ನು ಮೀರುವ ದುಂಡಾಣುವೇ ಗದ್ದೆಗಳಲ್ಲಿ ಮೇಲುಗೈಯಾಯಿತು. ಇದನ್ನರಿತ ಹೈದರಾಬಾದಿನ ಭತ್ತದ ಸಂಶೋಧನಾಲಯದವರೂ ಅಲ್ಲಿಯ ಜೀವಕೋಶ ವಿಜ್ಞಾನಕೇಂದ್ರದವರೂ ಕೂಡಿ, ಬಾಪಟ್ಲದಲ್ಲಿ ಹುಟ್ಟಿದ ಬಿಪಿಟಿ ೫೨೦೪ ಎಂಬ ಸಣ್ಣಕ್ಕಿಯ ತಳಿಯಲ್ಲಿ ಒಂದಕ್ಕೆ ಬದಲಾಗಿ ಮೂರು ತಡೆಗುಣಗಳನ್ನು ಒಟ್ಟಿಗೆ ನೆಲೆಗೊಳಿಸಿದರು. ಅವುಗಳಲ್ಲೊಂದು ಆಫ್ರಿಕದ ಕಾಡುಭತ್ತದಿಂದ ಬಂದುದು. ಸುಧಾರಿತ ಸಾಂಬಾ ಮಸೂರಿಯೆಂಬ ಆ ತಳಿಯು ೨೦೦೮ರಲ್ಲಿ ರೈತರ ಕೈಸೇರಿತು. ಬಾಗಿಲಿಗೆ ಮೂರು ಬೀಗ ಹಾಕಿದಂತೆ. ಕಳ್ಳನ ಬಳಿ ಒಂದು ಕೀಲಿಕೈ ಇದ್ದರೆ ಸಾಲದು.

ಇಷ್ಟನ್ನೂ ನಾವು ಶಿಷ್ಯನಿಗೆ ವಿವರಿಸಿ ಹೇಳಿದೆವು: "ನಿನ್ನ ತಾಯಿಯ ಕೆಮ್ಮು ನಿಂತಿತೆಂದರೆ ಕ್ರಿಮಿಗಳ ದಂಡು ಚೆದರಿತೆಂದು ಅರ್ಥವೇ ಹೊರತು ಅಳಿಯಿತೆಂದಲ್ಲ. ಅಡಗಿದವು ಮರಳಿ ಬೆಳೆಯುವುವು. ಬೆಳೆದಂತೆಲ್ಲ ಹೊಸ ಪಾಠಾಂತರಗಳು. ಬಿಟ್ಟು ಬಿಟ್ಟು ನುಂಗಿದರೆ ಬೀಗಗಳನ್ನು ಒಂದೊಂದಾಗಿ ತೆರೆಯಲು ನಾವೇ ಅವಕ್ಕೆ ಕಲಿಸಿದಂತೆ. ಹಾಗೆ ಬಲಿತ ಕ್ಷಯವು ನಿನ್ನ ಮಕ್ಕಳಿಗೂ ಹತ್ತೀತು." ಅವನ ಮುಖವು ಬಾಡಿತು. ಮರುದಿನವೇ ತಾಯಿಯನ್ನು ಸರಕಾರಿ ಆಸ್ಪತ್ರೆಗೆ ಕರೆದೊಯ್ದನು. ಮತ್ತೆ ಕಫದ ಪರೀಕ್ಷೆಯಾಯಿತು. ಆ ಮದ್ದುಗಳು ಇನ್ನೂ ನಾಟುವುವೆಂದು ವೈದ್ಯರು ಹೇಳಿದಾಗ ನಮಗೂ ಹೋದ ಜೀವ ಬಂದಂತಾಯಿತು. ಆಕೆಯು ಈಗ ತಪ್ಪದೆ ಗುಳಿಗೆ ನುಂಗುತ್ತಿರುವಳು.

ಪರರಿಗೆ ಉಪದೇಶಿಸಿ ಮನೆಗೆ ಬಂದ ನಮಗೆ ನಾಚಿಕೆಯೂ ಕಾದಿತ್ತು. ಗೋಡೆಯ ಗೂಡಿನಲ್ಲಿ ಹಿಂದಿನ ಜ್ವರದಲ್ಲಿ ಮಿಕ್ಕಿದ್ದ ಆಂಟಿಬಯೋಟಿಕ್ ಗುಳಿಗೆಗಳಿದ್ದುವು; ಮೊಮ್ಮಗಳಿಗೆ ನೆಗಡಿಯಾದಾಗ ಅವುಗಳಲ್ಲಿ ಎರಡನ್ನು ನಾವೇ ಕೊಟ್ಟಿದ್ದೆವು. ನೆಗಡಿಯು ವೈರಸ್ಸಿನಿಂದ ಬರತಕ್ಕದ್ದು, ಅದಕ್ಕೆ ಈ ಮದ್ದು ನಾಟುವುದೇ ಇಲ್ಲ. ದೇಹದಲ್ಲಿ ಸುಮ್ಮನಿದ್ದ ದುಂಡಾಣುಗಳಲ್ಲಿ ಬಲಿಷ್ಠವಾದವುಗಳನ್ನು ಆರಿಸಿದಂತಾಗುವುದು, ಅಷ್ಟೆ.

ಆದುದರಿಂದ ಗೃಹಿಣಿಯರಲ್ಲಿಯೂ ಮನೆಯ ಹಿರಿಯರಲ್ಲಿಯೂ ನಮ್ಮ ವಿಜ್ಞಾಪನೆಯಿಷ್ಟು: ವೈದ್ಯರು ಹೇಳದೆ ಇಂಥ ಮದ್ದನ್ನು ತೊಡಗಬಾರದು, ಅವರು ಹೇಳದೆ ನಿಲ್ಲಿಸಲೂ ಬಾರದು, ಒಬ್ಬರಿಗೆ ಕೊಟ್ಟುದನ್ನು ಮತ್ತೊಬ್ಬರಿಗೆ ಕೊಡಬಾರದು. ಸೂಕ್ಷ್ಮಜೀವಿಗಳ ನಾಳೆಯ ಹೆಜ್ಜೆಯು ಎಲ್ಲಿ ಬೀಳುವುದೆಂದು ಪಂಡಿತರೂ ಪೂರ್ತಿಯಾಗಿ ಅರಿಯರು. ಅವು ಯಾವ ಬಾಗಿಲನ್ನು ತಟ್ಟುವುವೆಂಬುದು ಮಾತ್ರ ತಿಳಿದಿರುವುದು. ಆ ಬಾಗಿಲಿನ ಬೀಗವು ನಮ್ಮ ನಮ್ಮ ಮನೆಯ ಗೂಡಿನಲ್ಲಿಯೇ ಇದೆ.